ಹೊಸ ಪ್ರೊಸೆಸರಿಗೆ ಇನ್ನು ಏಳು ವಾರ

ಆ ಭಾನುವಾರ ಮಧ್ಯಾಹ್ನ ಮಗ ರೊಟ್ಟಿ ಮುರಿಯುತ್ತಾ, "ಇನ್ನು ಏಳು ವಾರ ತಡಿ," ಎಂದ.

ಮೊಮ್ಮಗಳ ತಟ್ಟೆಗೆ ಬೇಳೆ ಬಡಿಸುತ್ತಿದ್ದ ಸೊಸೆ ಸೌಟನ್ನು ಸ್ವಲ್ಪ ಜೋರಾಗಿಯೇ ಪಾತ್ರೆಗೆ ಹಾಕಿದಳು. ಅದು ನನಗೆ ಕೇಳಿಸಿತು, ನಮ್ಮ ಯಜಮಾನರಿಗೂ ಕೇಳಿಸಿತು. ಕೇಳಿಸದೆ ಹೋದದ್ದು ಮಗನೊಬ್ಬನಿಗೆ.

"ಏಳು ವಾರ ಆದ್ಮೇಲೆ ಏನಾಗುತ್ತೆ?" ಎಂದು ನಾನೇ ಕೇಳಿದೆ.

"ಲ್ಯಾಪ್‌ಟಾಪಿಗೆ ಹೊಸ ಪ್ರೊಸೆಸರ್ ಬರುತ್ತಮ್ಮ. ಈಗ ಅಂಗಡೀಲಿರೋದೆಲ್ಲ ಹಿಂದಿನ ತಲೆಮಾರಿಂದು. ಇವತ್ತು ತಗೊಂಡ್ರೆ ಎರಡು ತಿಂಗಳಲ್ಲಿ ಮೂಲೆಗುಂಪು."

"ಅದಕ್ಕೂ ತಲೆಮಾರು ಇರುತ್ತೇನೋ?" ಎಂದರು ಯಜಮಾನರು.

"ಇರುತ್ತಪ್ಪ. ಒಂದೊಂದು ತಲೆಮಾರಿಗೂ ವೇಗ ಜಾಸ್ತಿ."

"ನಮ್ಮಪ್ಪನ ತಾತನ ಹೆಸರು ಏನು ಅಂತ ನನಗೇ ಗೊತ್ತಿಲ್ಲ. ನೀನು ಡಬ್ಬಿಯ ವಂಶಾವಳಿ ಹೇಳ್ತಿದೀಯ," ಎಂದು ಅವರು ಉಪ್ಪಿನ ಬಟ್ಟಲು ಎಳೆದುಕೊಂಡರು.

ಮಗ ನಗಲಿಲ್ಲ. ಮೊಬೈಲಿನಲ್ಲಿ ಏನೋ ಪಟ್ಟಿ ತೆಗೆದು ಸೊಸೆಯ ಕಡೆ ಹಿಡಿದ. ಅವಳು ನೋಡದೆ ಎದ್ದು ನೀರು ತರಲು ಹೋದಳು. ಜಗ್ಗಿನಲ್ಲಿ ನೀರು ತುಂಬಾ ಇತ್ತು.

ನನ್ನ ಮಗ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲಿಫ್ಟ್ ರಿಪೇರಿ ಮಾಡುತ್ತಾನೆ. ಊರಿನ ಅರ್ಧ ಎತ್ತರದ ಕಟ್ಟಡಗಳು ಇವನ ಕೈಯಲ್ಲೇ ಏರಿ ಇಳಿಯುತ್ತವೆ. ಆದರೆ ಎಂಟು ವರ್ಷದ ಹಿಂದೆ ಬಟ್ಟೆ ಒಗೆಯುವ ಮೆಷಿನ್ ತಂದ. ತಂದ ಹನ್ನೊಂದನೇ ದಿನಕ್ಕೆ ಅದೇ ಅಂಗಡಿಯವರು ಅದೇ ಮೆಷಿನ್ನನ್ನು ಮೂರರಲ್ಲಿ ಎರಡು ಪಾಲು ಬೆಲೆಗೆ ಮಾರಿದರು. ಯಜಮಾನರು ಆರು ತಿಂಗಳು ಅದನ್ನೇ ಹೇಳಿ ಹಂಗಿಸಿದರು, ನಾನೂ ಸುಮ್ಮನಿರಲಿಲ್ಲ. ಅವತ್ತಿನಿಂದ ಇವನ ಬಾಯಲ್ಲಿ ಒಂದೇ ಮಾತು: ತಡಿ. ಫ್ಯಾನು ಕಿರುಗುಟ್ಟಿದರೆ ತಡಿ, ಬೇಸಿಗೆ ಕಳೀಲಿ. ಚಪ್ಪಲಿ ಕಿತ್ತರೆ ತಡಿ, ರಿಯಾಯಿತಿ ಬರುತ್ತೆ. ಮೊಮ್ಮಗಳು, ಗುಬ್ಬಿ ಎಂದು ಕರೆಯುತ್ತೇವೆ, ಮಾತು ಕಲಿಯುವಾಗ ಅಮ್ಮ, ಅಜ್ಜಿ, ತಾತ ಎಂದ ಮೇಲೆ ಹೇಳಿದ ನಾಲ್ಕನೇ ಪದ ಅದೇ.

ನಾನು ಇಪ್ಪತ್ತೊಂಬತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಕಾಯುವ ಕೆಲಸ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯುವವರಲ್ಲಿ ಎರಡು ಜಾತಿ, ಒಬ್ಬರು ಕೈಕಾಲು ತೊಳೆದು ಸಿದ್ಧವಾಗಿ ಕಾಯುತ್ತಾರೆ, ಇನ್ನೊಬ್ಬರು ಕಾರಿಡಾರಿನಲ್ಲಿ ಅಡ್ಡಡ್ಡ ಓಡಾಡುತ್ತಾ ಕಾಯುತ್ತಾರೆ. ನನ್ನ ಮಗ ಎರಡನೆಯವನು. ಗುಬ್ಬಿ ಹುಟ್ಟಿದ ದಿನ ಇವನನ್ನು ನಾನೇ ಎರಡು ಸಲ ಗದರಿ ಬೆಂಚಿನ ಮೇಲೆ ಕೂರಿಸಿದ್ದೆ.

ಸೊಸೆ ಮದುವೆಗೆ ಮುಂಚೆ ಮನೆ ಕಟ್ಟುವವರ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದಳು. ಗುಬ್ಬಿ ಹುಟ್ಟಿದ ಮೇಲೆ ಬಿಟ್ಟಳು. ಐದು ವರ್ಷ ಆಯಿತು. ಈಗ ಒಂದು ಕೆಲಸ ಎದುರಿಗೆ ಬಂದಿತ್ತು. ಅಡುಗೆಮನೆಯ ಕಪಾಟು ಮಾಡಿಸಿ ಕೂರಿಸುವ ಒಬ್ಬ ಹೆಂಗಸು, ನಾವು ಕಪಾಟಿನ ಮೇಡಂ ಎನ್ನುತ್ತೇವೆ, ಅಡುಗೆಮನೆ ಕಟ್ಟುವ ಮೊದಲೇ ಅದು ಹೇಗೆ ಕಾಣುತ್ತದೆ ಎಂದು ಗಿರಾಕಿಗೆ ತೋರಿಸಲು ಚಿತ್ರ ಬರೆದುಕೊಡುವವರನ್ನು ಹುಡುಕುತ್ತಿದ್ದರು. ಮೊದಲು ಒಂದು ಅಡುಗೆಮನೆ ಪರೀಕ್ಷೆಗೆ. ಒಪ್ಪಿಗೆಯಾದರೆ ತಿಂಗಳಿಗೆ ಹತ್ತು, ಮನೆಯಲ್ಲೇ ಕೂತು. ಮೇಡಂ ಅಂಗಡಿ ಇರುವ ಕಟ್ಟಡದ ಲಿಫ್ಟ್ ನೋಡಿಕೊಳ್ಳುವವನು ನನ್ನ ಮಗನೇ. ಹೆಂಡತಿಯ ವಿಷಯ ಮೇಡಂ ಕಿವಿಗೆ ಹಾಕಿದವನೂ ಅವನೇ, ಅದಕ್ಕೆ ಅವನಿಗೆ ಶಹಬ್ಬಾಸ್ ಹೇಳಬೇಕು.

ತೊಂದರೆ ಇದ್ದದ್ದು ಅವಳ ಲ್ಯಾಪ್‌ಟಾಪಿನದು. ಕಾಲೇಜಿನ ಕಾಲದ್ದು. ಬರೆಯುವಾಗ ಹೇಗೋ ನಡೆಯುತ್ತದೆ. ಬರೆದಾದ ಮೇಲೆ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಅಂತ ಅದು ತಾನೇ ಲೆಕ್ಕ ಹಾಕಿ ಫೋಟೋದ ಹಾಗೆ ಮಾಡಿಕೊಡಬೇಕು. ಅದಕ್ಕೆ ಒಂದೊಂದು ಚಿತ್ರಕ್ಕೆ ಒಂಬತ್ತು ಗಂಟೆ. ನಮ್ಮ ಮನೆಯಲ್ಲಿ ಅದಕ್ಕೆ 'ಬೇಯೋದು' ಎಂದು ಹೆಸರು ಬಿದ್ದಿತ್ತು. ಬೇಯಲು ಇಟ್ಟಾಗ ಅದರ ಬಿಸಿಗೆ ಪಕ್ಕದಲ್ಲಿ ಮೊಸರು ಹೆಪ್ಪು ಹಾಕಿದರೆ ಬೇಗ ಆಗುತ್ತಿತ್ತು.

"ನನ್ನ ದುಡ್ಡಲ್ಲೇ ಹೊಸದು ತಗೋತೀನಿ ಅಂದ್ರೂ ತಡಿ ಅಂತಾರೆ ಅತ್ತೆ," ಎಂದಳು ಅವಳು ಪಾತ್ರೆ ತೊಳೆಯುವಾಗ. ಆಫೀಸಿನ ಸಂಬಳದಲ್ಲಿ ಉಳಿಸಿಟ್ಟದ್ದು ಅವಳ ಹತ್ತಿರ ಇತ್ತು.

"ತಗೋ ಹಾಗಾದ್ರೆ. ಅವನ ಅಪ್ಪಣೆ ಯಾಕೆ?"

"ತಗೊಂಡ ಮೇಲೆ ಬೆಲೆ ಇಳಿದ್ರೆ ಇವರ ಮುಖ ಮೂರು ವರ್ಷ ನೋಡಬೇಕಲ್ಲ."

ಅದೂ ನಿಜವೇ. ನಾನು ಸುಮ್ಮನೆ ತಟ್ಟೆ ಒರೆಸಿದೆ.

ಅಳತೆಗಳನ್ನು ಸೋಮವಾರ ಕಳಿಸುತ್ತೇನೆ ಎಂದು ಮೇಡಂ ಹೇಳಿದ್ದರು. ಅದು ಬರುವ ಮುಂಚೆ ಕೈ ಪಳಗಲಿ ಎಂದು ಸೊಸೆ ನಮ್ಮ ಅಡುಗೆಮನೆಯನ್ನೇ ಬರೆಯಲು ಕೂತಳು. ಅವಳ ಕೆಲಸದ ರೀತಿಯೇ ಬೇರೆ. ಟೇಪು ಹಿಡಿದು ಗೋಡೆ ಅಳೆದು ಮುಗಿಸುವವಳಲ್ಲ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಗೋಡೆಗೆ ನಿಲ್ಲಿಸಿದಳು.

"ಅತ್ತೆ, ಕೈ ಎತ್ತಿ. ನೋಯೋಕೆ ಶುರುವಾದ ಕಡೆ ನಿಲ್ಲಿಸಿ."

ನಿಲ್ಲಿಸಿದೆ. ಅಲ್ಲಿ ಪೆನ್ಸಿಲ್ಲಿನಲ್ಲಿ ಗೀಟು ಎಳೆದಳು.

"ಈಗ ಬಗ್ಗಿ. ಮಂಡಿ ಬೇಡ ಅನ್ನೋವರೆಗೆ."

"ನನ್ನ ಮಂಡಿ ನಿಂತಲ್ಲೇ ಬೇಡ ಅನ್ನುತ್ತೆ ಮಾರಾಯ್ತಿ."

ಅದಕ್ಕೂ ಗೀಟು ಎಳೆದಳು. ಯಜಮಾನರ ಗೀಟು, ಗುಬ್ಬಿಯ ಗೀಟು, ತನ್ನ ಗೀಟು. ದಿನ ಬೆಳಗಾದರೆ ಬೇಕಾಗುವ ಡಬ್ಬಗಳು ನನ್ನ ಎರಡು ಗೀಟುಗಳ ಮಧ್ಯೆ ಬರಬೇಕು, ಬಿಸ್ಕತ್ತು ಮಾತ್ರ ಗುಬ್ಬಿಯ ಗೀಟಿಗಿಂತ ಮೇಲೆ. ಕೊನೆಗೆ ಮಗನನ್ನು ಕರೆದಳು. ಅವನು, "ತಡಿ, ಈ ವೀಡಿಯೊ ಮುಗೀಲಿ," ಎಂದ. ಹೊಸ ಪ್ರೊಸೆಸರಿನ ವೀಡಿಯೊ. ಅವನ ಗೀಟು ಇವತ್ತಿಗೂ ನಮ್ಮ ಗೋಡೆಯ ಮೇಲಿಲ್ಲ.

ಇನ್ನೊಂದು ತಾಪತ್ರಯ ಹೇಳಬೇಕು. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ವೈರು ಸಿಕ್ಕಿಸಿದ್ದರೆ ಜೀವ, ಕಿತ್ತರೆ ಇಲ್ಲ. ಬ್ಯಾಟರಿ ಹಾಕಿಸೋಣ ಎಂದರೆ, ಹೊಸದು ಬರುತ್ತಲ್ಲ, ಹಳೇದಕ್ಕೆ ಯಾಕೆ ಸುರಿಯೋದು ಎಂದ ಮಗ. ನಮ್ಮದು ಬಾಡಿಗೆ ಮನೆ, ಹಾಲ್, ಅಡುಗೆಮನೆ ಎರಡಕ್ಕೂ ಒಂದೇ ಲೈನು, ಇಸ್ತ್ರಿಪೆಟ್ಟಿಗೆಯ ಜೊತೆ ಇನ್ನೊಂದು ಏನಾದರೂ ಹಾಕಿದರೆ ಫ್ಯೂಸ್ ಹೋಗುತ್ತದೆ. ಹತ್ತು ಮಹಡಿಯ ಲಿಫ್ಟ್ ಸರಿ ಮಾಡುವವನಿಗೆ ಮನೆಯ ಫ್ಯೂಸ್ ಯಾವ ಲೆಕ್ಕ? ಆದರೆ ಮನೆ ಮಾಲೀಕರು ಪೂರ್ತಿ ವೈರಿಂಗ್ ಬದಲಾಯಿಸ್ತಾರಂತೆ, ಅಲ್ಲಿಯವರೆಗೆ ತಡೀರಿ. ಹೀಗಾಗಿ ಚಿತ್ರ ಬೇಯುವ ದಿನ ಮಿಕ್ಸಿ ಇಲ್ಲ, ಇಸ್ತ್ರಿ ಇಲ್ಲ ಎಂದು ಸೊಸೆ ಕಾಗದದಲ್ಲಿ ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿದಳು.

ಇದರಿಂದ ಹೆಚ್ಚು ಕಷ್ಟವಾದದ್ದು ಯಜಮಾನರಿಗೆ. ಬಸ್ ಕಂಡಕ್ಟರ್ ಆಗಿ ಮೂವತ್ನಾಲ್ಕು ವರ್ಷ ಗರಿಗರಿ ಸಮವಸ್ತ್ರ ಹಾಕಿದವರು. ನಿವೃತ್ತಿಯಾದ ಮೇಲೆ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದರೆ ಇಸ್ತ್ರಿ ಮಾಡದೆ ಅವರಿಗೆ ಟೀ ಇಳಿಯುವುದಿಲ್ಲ. ತಮ್ಮ ಅಂಗಿ ಮುಗಿದರೆ ಟವೆಲ್ಲು, ಟವೆಲ್ಲು ಮುಗಿದರೆ ಗುಬ್ಬಿಯ ಕಾಲುಚೀಲ.

ಸೋಮವಾರ ಬಂತು, ಅಳತೆ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಸೊಸೆ ಒಗ್ಗರಣೆಯ ಮಧ್ಯೆ ಫೋನ್ ನೋಡುತ್ತಿದ್ದಳು, ಎರಡು ಸಲ ಸಾಸಿವೆ ಸೀದುಹೋಯಿತು. ಮಗ, "ಬರುತ್ತೆ ಬಿಡು, ಅವರಿಗೂ ನೂರೆಂಟು ಕೆಲಸ," ಎಂದು ತಲೆ ಬಗ್ಗಿಸಿ ಊಟ ಮಾಡಿದ.

ಮೂರನೇ ವಾರ ನಾನು ಹೇಳಿದೆ, "ಫೋನ್ ಕಾಯೋದು ಸಾಕು. ನಡಿ, ಹೋಗಿ ಕೇಳಿಬರೋಣ."

ಗುಬ್ಬಿಯನ್ನು ಶಾಲೆಗೆ ಬಿಟ್ಟು ಇಬ್ಬರೂ ಹೋದೆವು. ಮೇಡಂ ಅಂಗಡಿ ನಾಲ್ಕನೇ ಮಹಡಿಯಲ್ಲಿ, ಒಳಗೆಲ್ಲ ಮರದ ಪುಡಿಯ ವಾಸನೆ. ಅವರು ಕಪಾಟಿನ ಬಾಗಿಲೊಂದನ್ನು ತೆಗೆದು ಹಾಕಿ ಪರೀಕ್ಷಿಸುತ್ತಿದ್ದರು. ಸೊಸೆಯನ್ನು ಕಂಡು ಆಶ್ಚರ್ಯಪಟ್ಟರು.

"ನೀವು ಈಗಲೇ ಬಂದ್ರಲ್ಲ. ಮುಂದಿನ ತಿಂಗಳ ಮೇಲೆ ಅಂತ ಹೇಳಿದ್ರು ನಿಮ್ಮ ಯಜಮಾನ್ರು."

"ಏನು ಹೇಳಿದ್ರು ಮೇಡಂ?"

"ಲಿಫ್ಟ್ ನೋಡೋಕೆ ಬಂದಾಗ ಹೇಳಿದ್ರು. ಹೊಸ ಮೆಷಿನ್ ಬರೋವರೆಗೆ ಅವಳ ಕೈಲಿ ಆಗಲ್ಲ, ಅಲ್ಲಿವರೆಗೆ ತಡೀರಿ ಅಂತ. ನನಗೆ ಅಷ್ಟು ದಿನ ಆಗಲ್ಲಮ್ಮ. ಬೇರೆಯವರೊಬ್ಬರನ್ನ ನೋಡಿದೀನಿ."

ನನಗೆ ಮಗನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಅಲ್ಲೇ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ. ಆದರೆ ಸೊಸೆ ಜೋಲುಮುಖ ಹಾಕಿಕೊಂಡು ನಿಲ್ಲಲಿಲ್ಲ. ಚೀಲದಿಂದ ನಮ್ಮ ಅಡುಗೆಮನೆಯ ಚಿತ್ರದ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಳು.

ಮೇಡಂ ಕನ್ನಡಕ ಹಾಕಿಕೊಂಡರು. "ಈ ಗೀಟುಗಳೇನು?"

"ಮನೇಲಿ ಯಾರಿಗೆ ಎಲ್ಲಿವರೆಗೆ ಕೈ ಎಟುಕುತ್ತೆ ಅಂತ. ಅತ್ತೆಗೆ ಭುಜ ನೋವು, ಅದಕ್ಕೆ ಅಕ್ಕಿ ಡಬ್ಬ ಇಲ್ಲಿ."

ಮೇಡಂ ನನ್ನ ಭುಜವನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದರು.

"ಇದು ಒಂದು ಮನೆಯ ಅಳತೆ. ಅಲ್ಲೂ ವಯಸ್ಸಾದ ಅಮ್ಮ ಇದಾರೆ. ಮೂರು ಚಿತ್ರ ಬೇಕು. ಮುಂದಿನ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಗಿರಾಕಿ ಬರ್ತಾರೆ. ಒಂಬತ್ತೂವರೆಗೆ ನನ್ನ ಕೈಲಿದ್ರೆ ಸರಿ, ಇಲ್ಲದಿದ್ರೆ ಆ ಇನ್ನೊಬ್ಬರಿಗೇ ಕೊಡ್ತೀನಿ."

ಅವತ್ತು ಸಂಜೆ ಮಗ ಬೂಟು ಬಿಚ್ಚುವವರೆಗೆ ನಾವು ಬಾಯಿ ಬಿಡಲಿಲ್ಲ. ಅವನು ತಟ್ಟೆಯ ಮುಂದೆ ಕೂತ ಮೇಲೆ ಸೊಸೆ ಕೇಳಿದಳು.

"ಮೇಡಂ ಹತ್ರ ನೀವು ಏನು ಹೇಳಿದ್ರಿ?"

"ಯಾವ ಮೇಡಂ?"

"ನಿನಗೆ ಎಷ್ಟು ಜನ ಮೇಡಂಗಳಿದಾರೋ?" ಎಂದೆ ನಾನು.

"ಅಮ್ಮ, ನೀನು ಸುಮ್ಮನಿರು." ಅವನು ರೊಟ್ಟಿ ಕೆಳಗಿಟ್ಟ. "ಒಳ್ಳೇದಕ್ಕೇ ಹೇಳಿದ್ದು ಕಣೇ. ಈ ಹಳೇ ಡಬ್ಬಿ ಇಟ್ಕೊಂಡು ಒದ್ದಾಡಿ, ಮೊದಲನೇ ಕೆಲಸಾನೇ ಕೆಟ್ಟು ಹೋದ್ರೆ? ಒಂದು ಸಲ ಹೆಸರು ಕೆಟ್ಟರೆ ಮತ್ತೆ ಕರೀತಾರಾ?"

"ಕೆಡೋದಿದ್ರೆ ನನ್ನ ಕೈಲಿ ಕೆಡ್ಲಿ. ನಿಮ್ಮ ಬಾಯಲ್ಲಿ ಯಾಕೆ ಕೆಡಬೇಕು?"

"ಏಳು ವಾರ ತಾನೇ ಕೇಳಿದ್ದು ನಾನು."

"ನನಗೆ ಐದು ವರ್ಷ. ಗುಬ್ಬಿ ನಡೆಯೋದು ಕಲೀಲಿ ಅಂದ್ರಿ, ಕಾದೆ. ಸ್ಕೂಲಿಗೆ ಸೇರ್ಲಿ ಅಂದ್ರಿ, ಕಾದೆ. ಈಗ ಎಲ್ಲೋ ಯಾವುದೋ ಕಾರ್ಖಾನೇಲಿ ಒಂದು ಚಿಪ್ ಹುಟ್ಟಲಿ ಅಂತ ಕಾಯಬೇಕಾ?"

ಗುಬ್ಬಿ, "ಚಿಪ್ ಅಂದ್ರೆ ತಿನ್ನೋದಾ ತಾತ?" ಎಂದಳು. ಯಜಮಾನರು ಅವಳನ್ನು ಎತ್ತಿಕೊಂಡು ಜಗಲಿಗೆ ಹೋದರು.

"ಸರಿ, ನಾಳೆನೇ ಹೋಗಿ ಹೊಸದು ತರೋಣ," ಎಂದ ಮಗ. ದನಿ ಸೋತಿತ್ತು.

"ಬೇಡ. ಇದರಲ್ಲೇ ಮಾಡಿ ಕೊಡ್ತೀನಿ."

ನನ್ನ ಕೇಳಿದರೆ ಅದು ಹಟ, ಬುದ್ಧಿವಂತಿಕೆಯಲ್ಲ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಬುದ್ಧಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವನಿಗೂ ಬರಲಿಲ್ಲ. ತಟ್ಟೆ ತೊಳೆದಿಟ್ಟು ಹೋಗಿ ಮಲಗಿದ.

ಮುಂದಿನ ವಾರ ನಮ್ಮ ಮನೆ ಸೂತಕದ ಮನೆಯ ಹಾಗಿತ್ತು. ಗಂಡ ಹೆಂಡತಿ ಮಾತಾಡುತ್ತಿದ್ದದ್ದು ಗುಬ್ಬಿಯ ಮೂಲಕ. "ನಿಮ್ಮಪ್ಪಂಗೆ ಊಟದ ಡಬ್ಬಿ ಮರೀಬೇಡ ಅಂತ ಹೇಳು." "ನಿಮ್ಮಮ್ಮಂಗೆ ತಗೊಂಡೆ ಅಂತ ಹೇಳು." ಗುಬ್ಬಿ ಒಂದು ದಿನ ಮಾಡಿದಳು, ಎರಡನೇ ದಿನ, "ನನಗೆ ಹೋಮ್‌ವರ್ಕ್ ಇದೆ," ಎಂದಳು.

ಸೊಸೆ ಬೆಳಿಗ್ಗೆಯಿಂದ ಸಂಜೆವರೆಗೆ ಕಿಟಕಿಯ ಪಕ್ಕ ಕೂತು ಬರೆದಳು. ನಡುವೆ ಒಮ್ಮೆ ನನ್ನನ್ನು ಕರೆದು, "ಆ ಅಮ್ಮನಿಗೆ ಎಪ್ಪತ್ತೆಂಟು ಅಂತೆ ಅತ್ತೆ. ಕುರ್ಚೀಲಿ ಕೂತೇ ತರಕಾರಿ ಹೆಚ್ತಾರಂತೆ. ಕೂತು ತೋರಿಸಿ," ಎಂದಳು. ನಾನು ಕುರ್ಚಿಯಲ್ಲಿ ಕೂತು ಬದನೆಕಾಯಿ ಹೆಚ್ಚಿದೆ, ಅವಳು ನನ್ನ ಮೊಣಕೈಯ ಎತ್ತರ ಅಳೆದಳು. ಮಂಗಳವಾರ ಮೊದಲನೇ ಚಿತ್ರ ಬೆಂದಿತು, ಬುಧವಾರ ಎರಡನೆಯದು. ಬರೆದದ್ದನ್ನೂ ಬೆಂದದ್ದನ್ನೂ ಆಗಾಗ ಪೆನ್‌ಡ್ರೈವಿಗೆ ಹಾಕಿ ಸಕ್ಕರೆ ಡಬ್ಬದ ಹಿಂದೆ ಇಡುತ್ತಿದ್ದಳು, ಆಫೀಸಿನಲ್ಲಿ ಕಲಿತ ಅಭ್ಯಾಸ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಮೂರನೆಯದನ್ನು ಇಟ್ಟಳು. ಸಂಜೆ ಐದಕ್ಕೆ ಆಗಬೇಕು. ಮಧ್ಯಾಹ್ನದ ಹೊತ್ತಿಗೆ ಅರ್ಧ ಅಡುಗೆಮನೆ ಮೂಡಿತ್ತು, ಸಿಂಕಿನ ಮೇಲೆ ಬಿಸಿಲು ಬಿದ್ದಿತ್ತು. ಸೊಸೆ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು. ಗುಬ್ಬಿಯನ್ನು ಕರೆತರಲು ಶಾಲೆಗೆ ಹೋದಳು. ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ.

ಯಜಮಾನರು ನಿದ್ದೆಯಿಂದ ಎದ್ದರು.

ಒಳಗೆ ಫ್ಯಾನ್ ನಿಂತದ್ದು ಗೊತ್ತಾಗಿ ನಾನು ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಅವರು ಕಾಲುಚೀಲ ಒಂದು ಕೈಯಲ್ಲಿ, ಇಸ್ತ್ರಿಪೆಟ್ಟಿಗೆ ಒಂದು ಕೈಯಲ್ಲಿ ಹಿಡಿದು ನಿಂತಿದ್ದರು. ಸ್ವಿಚ್ಚಿನ ಪಕ್ಕದ ಕಾಗದ ಅವರ ಮೂಗಿನ ಎದುರಿಗೇ ಇತ್ತು.

"ಕೈ ತಾನೇ ಹೋಯ್ತು ಕಣೇ," ಎಂದರು. "ನಾನು ನೋಡ್ಲೇ ಇಲ್ಲ."

ಮೂವತ್ನಾಲ್ಕು ವರ್ಷದ ಅಭ್ಯಾಸಕ್ಕೆ ಏನೆಂದು ಬೈಯುವುದು? ಆದರೂ ಬೈದೆ. ಫ್ಯೂಸ್ ಹಾಕಿದೆವು, ಕರೆಂಟು ಬಂತು. ಲ್ಯಾಪ್‌ಟಾಪ್ ಒಮ್ಮೆ ಬೆಳಕು ಬಿಟ್ಟು, ಕಪ್ಪಾಗಿ, ಆಮೇಲೆ ಏಳಲೇ ಇಲ್ಲ. ಸೊಸೆ ಬಂದು ಹತ್ತು ಸಲ ಒತ್ತಿದಳು. ಮಾವನನ್ನು ಒಂದು ಮಾತು ಅನ್ನಲಿಲ್ಲ. ಅದೇ ಅವರಿಗೆ ತಡೆಯದಾಯಿತು, ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು.

ನಾಲ್ಕೂವರೆಗೆ ಮಗ ಬಂದ. ನಾನು ಫೋನ್ ಮಾಡಿ ಕರೆಸಿದ್ದೆ, ಮುಚ್ಚಿಡುವುದೇನು. ಅವನು ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತ. ಅವನ ಬಾಯಿಂದ 'ನಾನು ಅವತ್ತೇ ಹೇಳಿರಲಿಲ್ಲವಾ' ಎನ್ನುವ ಮಾತು ಬಂದರೆ ಪೊರಕೆ ತಗೋಬೇಕು ಎಂದು ನಾನು ಮನಸ್ಸು ಮಾಡಿದ್ದೆ. ಅವನು ಹೇಳಿದ್ದು ಇಷ್ಟೇ: "ಏನ್ ಮಾಡೋಣ, ನೀನೇ ಹೇಳು."

ಸೊಸೆ ಸಕ್ಕರೆ ಡಬ್ಬದ ಹಿಂದಿನಿಂದ ಪೆನ್‌ಡ್ರೈವ್ ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

"ನಾನು ಇನ್ನು ಕಾಯಲ್ಲ. ಲ್ಯಾಪ್‌ಟಾಪ್ ಅಂಗಡಿಗೆ ಹೋಗ್ತೀನಿ."

"ನಾನೂ ಬರ್ಲಾ?"

"ಬನ್ನಿ. ಗಾಡಿ ಓಡಿಸೋರು ಬೇಕಲ್ಲ."

ನಾನೂ ಹೊರಟೆ. ನನ್ನನ್ನು ಯಾರೂ ಕರೆಯಲಿಲ್ಲ, ಆದರೆ ಹೋಗದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಅವರಿಬ್ಬರ ಹಿಂದೆ ಆಟೋ ಹಿಡಿದು ಹೋದೆ. ಗುಬ್ಬಿ ತಾತನ ಜೊತೆ ಉಳಿದಳು.

ಅಂಗಡಿಯಲ್ಲಿ ತಲೆ ನರೆತ ಮಾರಾಟದವರೊಬ್ಬರಿದ್ದರು. ಮಗನನ್ನು ಕಂಡ ಕೂಡಲೇ ಕೈ ಮೇಲೆತ್ತಿದರು.

"ಏನ್ ಸರ್, ಬಂದ್ರಾ? ಇನ್ನೂ ಮೂರು ವಾರ ಇದೆಯಲ್ಲ. ನೀವೇ ಹೇಳಿದ್ರಿ, ಹೊಸ ಪ್ರೊಸೆಸರ್ ಬರೋವರೆಗೆ ಬುದ್ಧಿ ಇರೋರು ಯಾರೂ ತಗೊಳಲ್ಲ ಅಂತ. ನಾನೂ ಈಗ ಬರೋರಿಗೆಲ್ಲ ಅದನ್ನೇ ಹೇಳ್ತಿದೀನಿ. ಇಷ್ಟು ಕಾದಿದೀರ, ಮೂರೇ ವಾರ ಸರ್."

ಆಗ ನೋಡಬೇಕಿತ್ತು ನನ್ನ ಮಗನ ಮುಖ. ಇಡೀ ಊರಿನಲ್ಲಿ ಒಬ್ಬ ಮನುಷ್ಯ ಇವನ ಮಾತನ್ನು ನಂಬಿದ್ದ, ಅವನೇ ಇವತ್ತು ಅಡ್ಡ ನಿಂತಿದ್ದ. ಇವನು ಎಲ್ಲಿ 'ಹೂಂ, ಅದೂ ಸರಿ' ಎಂದುಬಿಡುತ್ತಾನೋ ಎಂದು ನನಗೆ ಭಯ.

ಮಗ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ನನ್ನನ್ನ ಕೇಳಬೇಡಿ. ತಗೊಳ್ಳೋರು ಅವರು."

ಸೊಸೆ ಮುಂದೆ ಬಂದಳು. "ನಾಳೆ ಬೆಳಿಗ್ಗೆಯೊಳಗೆ ನನಗೆ ಒಂದು ಚಿತ್ರ ಆಗಬೇಕು. ಇಲ್ಲಿರೋದ್ರಲ್ಲಿ ಯಾವುದು ಮಾಡುತ್ತೆ?"

"ಮೂರು ವಾರ ಆದ್ಮೇಲೆ ಅಂದ್ರೆ..."

"ಇವತ್ತು ಇರೋದ್ರಲ್ಲಿ ತೋರಿಸಿ."

ಅವರು ಮಗನ ಕಡೆ ನೋಡಿದರು. ಮಗ ಚಾವಣಿ ನೋಡಿದ. ಅವರು ಒಂದನ್ನು ತೆಗೆದು ತೋರಿಸಿದರು, ಸೊಸೆ ನಾಲ್ಕೈದು ಪ್ರಶ್ನೆ ಕೇಳಿದಳು, ನನಗೆ ಒಂದೂ ಅರ್ಥವಾಗಲಿಲ್ಲ, ಅವರಿಗೆ ಆಯಿತು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು ವ್ಯಾಪಾರ. ಇಷ್ಟಕ್ಕಾಗಿ ನಾಲ್ಕು ವಾರ ಮನೆಯಲ್ಲಿ ಕುರುಕ್ಷೇತ್ರ ನಡೆಸಿದೆವಲ್ಲ ಎಂದು ನನಗೆ ನಗು ಬಂತು, ಅಳುವೂ ಬಂತು.

ಮನೆಗೆ ಬಂದರೆ ಯಜಮಾನರು ಮೊಟ್ಟೆ ಬೇಯಿಸಿ, ಆಲೂಗಡ್ಡೆ ಹುರಿದು, ರೊಟ್ಟಿ ಮಾಡಲು ಹೋಗಿ ಏನೋ ಮಾಡಿ ಇಟ್ಟಿದ್ದರು. ಇಸ್ತ್ರಿಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕಿದ್ದರು. ಸೊಸೆ ಹೊಸ ಲ್ಯಾಪ್‌ಟಾಪಿಗೆ ತನ್ನ ಪ್ರೋಗ್ರಾಮ್ ಹಾಕಿ ಮುಗಿಸುವಾಗ ಎಂಟಾಯಿತು. ಚಿತ್ರ ಬೇಯಲು ಇಟ್ಟಳು. ರಾತ್ರಿಯೆಲ್ಲ ಸರದಿಯ ಮೇಲೆ ಕಾಯೋಣ, ಮೊದಲ ಪಾಳಿ ನನ್ನದು ಎಂದು ನಾನು ದಿಂಬು, ಹೊದಿಕೆ ತಂದು ಕೂತೆ. ಮಗ ಫ್ಯೂಸಿನ ಪೆಟ್ಟಿಗೆಯ ಕೆಳಗೆ ಸ್ಟೂಲು ಹಾಕಿಕೊಂಡು ಕಾವಲು ಕೂತ. ಯಜಮಾನರು ಟೀಗೆ ನೀರಿಟ್ಟರು.

ಟೀ ಸೋಸುವ ಹೊತ್ತಿಗೆ ಸೊಸೆ, "ಆಯ್ತು," ಎಂದಳು.

"ಏನಾಯ್ತು?" ಎಂದ ಮಗ, ಗಾಬರಿಯಿಂದ ಎದ್ದು.

"ಚಿತ್ರ ಆಯ್ತು. ಹನ್ನೊಂದು ನಿಮಿಷ."

ಎಲ್ಲರೂ ಹೋಗಿ ಬಗ್ಗಿ ನೋಡಿದೆವು. ಕಿಟಕಿಯಿಂದ ಬಿಸಿಲು, ಸಿಂಕಿನ ಪಕ್ಕ ಕೂತು ಹೆಚ್ಚುವ ಹಲಗೆ, ಎಪ್ಪತ್ತೆಂಟರ ಕೈಗೆಟುಕುವ ಡಬ್ಬಗಳು. ನನಗೆ ಅಲ್ಲೇ ಹೋಗಿ ಕೂರಬೇಕು ಅನ್ನಿಸಿತು. ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗ ಅವಳ ಬೆನ್ನ ಮೇಲೆ ಕೈಯಿಟ್ಟು, "ತಪ್ಪು ನಂದೇ. ಮೇಡಂಗೆ ನಾನು ಹಾಗೆ ಹೇಳಬಾರದಿತ್ತು," ಎಂದ. ಕೆಲಸದ ಮಾತು ಬಿಟ್ಟು ವಾರದಲ್ಲಿ ಅವನು ಅವಳೊಂದಿಗೆ ಆಡಿದ ಮೊದಲ ಮಾತು. ಅವಳು ಕಣ್ಣೊರೆಸಿಕೊಂಡು, "ಊಟ ಮಾಡಿ, ಆರಿ ಹೋಗುತ್ತೆ," ಎಂದಳು. ಯಜಮಾನರ ರೊಟ್ಟಿಯನ್ನು ಹರಿಯಲು ಇಬ್ಬರ ಕೈ ಬೇಕಾಯಿತು, ಆದರೂ ಅಷ್ಟು ಹಗುರವಾಗಿ ನಾವು ತಿಂಗಳಿಂದ ಉಂಡಿರಲಿಲ್ಲ.

ಶುಕ್ರವಾರ ಒಂಬತ್ತಕ್ಕೇ ಚಿತ್ರಗಳು ಮೇಡಂ ಕೈ ಸೇರಿದವು. ಮಧ್ಯಾಹ್ನ ಫೋನ್ ಬಂತು. ಗಿರಾಕಿಯ ತಾಯಿ ಆ ಹಲಗೆಯನ್ನು ನೋಡಿ, ಇದನ್ನ ಬರೆದವರು ಯಾರು ಎಂದು ಕೇಳಿದರಂತೆ. ತಿಂಗಳಿಗೆ ಹತ್ತು ಅಡುಗೆಮನೆ ಸೊಸೆಗೇ ಎಂದಾಯಿತು. ಭಾನುವಾರ ಮಗ ಯಾರನ್ನೂ ಕೇಳದೆ ಹಾಲ್‌ಗೆ ಬೇರೆ ಲೈನು ಎಳೆದ. ಎರಡು ಗಂಟೆಯ ಕೆಲಸ. ಮಾಲೀಕರು ಬಂದು ನೋಡಿ ಏನೂ ಅನ್ನಲಿಲ್ಲ. ಯಜಮಾನರು ಸ್ಟೂಲು ಹಾಕಿಕೊಂಡು ಅಟ್ಟದಿಂದ ಇಸ್ತ್ರಿಪೆಟ್ಟಿಗೆ ಇಳಿಸಿದರು.

ಏಳನೇ ವಾರ, ಗುರುವಾರ, ಹೊಸ ಪ್ರೊಸೆಸರ್ ಬಂತು. ಮಗ ಊಟದ ಮಧ್ಯೆ ಮೊಬೈಲ್ ನೋಡಿ, "ಬಂತಂತೆ," ಎಂದ. ಯಜಮಾನರು ನನ್ನ ಮುಖ ನೋಡಿದರು, ನಾನು ಸೊಸೆಯ ಮುಖ ನೋಡಿದೆ. ಅವಳು ಮಣೆಯ ಮೇಲೆ ರೊಟ್ಟಿ ತಟ್ಟುತ್ತಿದ್ದಳು.

"ಎಷ್ಟು ಬೇಗ ಅಂತೆ?" ಎಂದಳು ತಲೆ ಎತ್ತದೆ.

"ನಮ್ಮ ಹನ್ನೊಂದು ನಿಮಿಷದ್ದು ಎಂಟಾಗುತ್ತಂತೆ."

"ನಮ್ಮದರ ಬೆಲೆ ಇಳಿಸಿದಾರಾ?"

"ಇಳಿಸಿದಾರೆ."

"ಎಷ್ಟು?"

ಮಗ ಸ್ವಲ್ಪ ಹೊತ್ತು ಪರದೆ ನೋಡಿದ. "ಹೋಗ್ಲಿ ಬಿಡು. ಇನ್ನೊಂದು ರೊಟ್ಟಿ ಹಾಕು," ಎಂದು ಮೊಬೈಲನ್ನು ಬೋರಲು ಹಾಕಿದ. ಯಜಮಾನರು ಹಂಗಿಸಲು ಬಾಯಿ ತೆರೆದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ.

ಅದೇ ಹೊತ್ತಿಗೆ ಸೊಸೆಯ ಫೋನ್ ಹೊಡೆದುಕೊಂಡಿತು. ಕಪಾಟಿನ ಮೇಡಂ. ಸೊಸೆಯ ಕೈ ತುಂಬ ಹಿಟ್ಟು. ಮಗ ಎದ್ದು ಫೋನನ್ನು ಸ್ಪೀಕರಿಗೆ ಹಾಕಿ ಅವಳ ಕಿವಿಯ ಹತ್ತಿರ ಹಿಡಿದ.

"ಒಂದು ದೊಡ್ಡ ಕಟ್ಟಡದ ಕೆಲಸ ಸಿಕ್ಕಿದೆ," ಎಂದರು ಮೇಡಂ. "ಮುಂದಿನ ತಿಂಗಳಿಂದ ಹತ್ತರ ಬದಲು ಇಪ್ಪತ್ತು ಮಾಡೋಣ. ಆಗುತ್ತಾ? ಈಗಲೇ ಹೇಳಿಬಿಡಿ."

ಇಪ್ಪತ್ತು ಅಡುಗೆಮನೆಯ ದುಡ್ಡು ಎಂದರೆ ಮಗನ ಸಂಬಳಕ್ಕೆ ಹತ್ತಿರ ಹತ್ತಿರ. ಆಗುತ್ತೆ ಅನ್ನು ಎಂದು ನಾನೇ ಕಣ್ಣಲ್ಲಿ ಸನ್ನೆ ಮಾಡಿದೆ, ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಈಗ ಹೇಳೋಕಾಗಲ್ಲ ಮೇಡಂ. ಸೋಮವಾರ ಹೇಳ್ತೀನಿ."

"ಯಾಕೆ, ಯಜಮಾನ್ರನ್ನ ಕೇಳಬೇಕಾ?"

"ಇಲ್ಲ, ಅವರು ಇಲ್ಲೇ ಫೋನ್ ಹಿಡ್ಕೊಂಡು ನಿಂತಿದಾರೆ. ಎಷ್ಟು ಆಗುತ್ತೆ ಅಂತ ನಾನೇ ನೋಡ್ಕೋಬೇಕು."

ಮೇಡಂ ನಕ್ಕು, "ಸರಿ, ಸೋಮವಾರ," ಎಂದು ಇಟ್ಟರು. ಮಗ ಫೋನನ್ನು ಹಾಗೇ ಹಿಡಿದು ನಿಂತಿದ್ದ.

"ಕಟ್ ಆಯ್ತು ರೀ, ಇಡಿ," ಎಂದಳು ಸೊಸೆ.

ಇಟ್ಟ. ಏನು ಹೇಳ್ತೀಯ ಎಂದು ಶುಕ್ರವಾರ ಕೇಳಲಿಲ್ಲ, ಶನಿವಾರ ಕೇಳಲಿಲ್ಲ, ಭಾನುವಾರ ಎರಡು ಸಲ ಅವಳ ಮೇಜಿನವರೆಗೆ ಹೋಗಿ ನೀರಿನ ಲೋಟ ಇಟ್ಟು ಬಂದ. ಸೋಮವಾರ ಬೆಳಿಗ್ಗೆ ಅವಳೇ ಮೇಡಂಗೆ ಫೋನ್ ಮಾಡಿ ಹದಿನಾಲ್ಕು ಎಂದಳು. ಅವರು ಒಪ್ಪಿಕೊಂಡರು. ಯಾಕೆ ಹದಿನಾಲ್ಕು ಎಂದು ಮಗ ಕೇಳಲಿಲ್ಲ, ನಾನು ತಡೆಯಲಾರದೆ ಕೇಳಿದೆ.

"ಚೆನ್ನಾಗಿ ಮಾಡೋಕೆ ಆಗೋದು ಅಷ್ಟೇ ಅತ್ತೆ," ಎಂದು ಅವಳು ಬಾಚಣಿಗೆ ತೆಗೆದುಕೊಂಡು ಗುಬ್ಬಿಯ ಜಡೆ ಹಾಕಲು ಕೂತಳು.